ನಿಮಗಿದು ಗೊತ್ತೇ? ಕರೆಂಟು ಉರಿದ ಮೇಲೆ ಉಳಿಯುವ ಉಪ್ಪುನೀರಿನ ಖರ್ಚು

ಕೋಲಾರ ಜಿಲ್ಲೆಯ ಗೌನಿಪಲ್ಲಿಯ ಮನೆಯೊಂದರಲ್ಲಿ ಒಂದು ಯೂನಿಟ್ ಕರೆಂಟು ಉರಿದರೆ ಎಲ್ಲೋ ದೂರದಲ್ಲಿ ಎಷ್ಟು ನೀರು ಖರ್ಚಾಗುತ್ತದೆ, ಗೊತ್ತೇ? ಕಲ್ಲಿದ್ದಲಿನ ಕರೆಂಟಾದರೆ ಹೆಚ್ಚೆಂದರೆ ಮೂರೂವರೆ ಲೀಟರ್. ಇದು ಯಾರೋ ಹಾಕಿದ ಅಂದಾಜಲ್ಲ, ಕಾನೂನಿನ ಮಿತಿ. ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರ್ 7ರಂದು ಹೊರಡಿಸಿದ ಅಧಿಸೂಚನೆ ಪ್ರತಿ ಸಾವಿರ ಯೂನಿಟ್ಟಿಗೆ 3.5 ಘನ ಮೀಟರ್, ಅಂದರೆ 3,500 ಲೀಟರ್ ನೀರಿನ ಗೆರೆ ಎಳೆಯಿತು. 2017ರ ಆರಂಭದ ನಂತರ ಬರುವ ಸ್ಥಾವರಗಳಿಗೆ 2.5 ಘನ ಮೀಟರ್ ಎಂದು ಬಿಗಿ ಮಾಡಿದ್ದರು. 2018ರಲ್ಲಿ ಅದನ್ನು 3ಕ್ಕೆ ಸಡಿಲಿಸಿದರು.

ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಬೆಸ್ಕಾಂ ಬಿಲ್ಲು ಸೊನ್ನೆ ಬರಬಹುದು. ಅಷ್ಟೂ ಕಲ್ಲಿದ್ದಲಿನದೇ ಎಂದಿಟ್ಟುಕೊಂಡರೆ ನೀರಿನ ಲೆಕ್ಕ 700 ಲೀಟರ್ ಮುಟ್ಟಬಹುದು. ಅದನ್ನು ಯಾವ ಬಿಲ್ಲಿನಲ್ಲೂ ಬರೆಯುವುದಿಲ್ಲ.

ಆ ನೀರಿನ ಬಹುಪಾಲು ಆವಿಯಾಗಿ ಹೋಗುತ್ತದೆ. ಆವಿಯ ಜೊತೆ ಉಪ್ಪು ಹೋಗುವುದಿಲ್ಲ. ಒಲೆಯ ಮೇಲೆ ಮರೆತ ಸಾರು ಕುದಿದು ಕುದಿದು ಬಾಯಿಗಿಡಲಾರದಷ್ಟು ಉಪ್ಪಾಗುತ್ತದಲ್ಲ, ಸ್ಥಾವರದ ಕೂಲಿಂಗ್ ಟವರಿನಲ್ಲಿ ದಿನದ 24 ಗಂಟೆಯೂ ಆಗುವುದು ಅದೇ. ಉಪ್ಪು ಒಂದು ಮಟ್ಟ ಮೀರಿದರೆ ಕೊಳವೆಗಳ ಒಳಗೆ ಕಲ್ಲಿನಂತೆ ಪೊರೆ ಕಟ್ಟುತ್ತದೆ. ಅದಕ್ಕೇ ಆಗಾಗ ಒಂದಿಷ್ಟು ನೀರನ್ನು ಹೊರಗೆ ಬಿಟ್ಟು ಹೊಸ ನೀರು ತುಂಬುತ್ತಾರೆ. ಹೊರಗೆ ಬಿಟ್ಟ ಈ ನೀರಿಗೆ ಸ್ಥಾವರದವರ ಬಾಯಲ್ಲಿ ‘ಬ್ಲೋಡೌನ್’ ಎಂದು ಹೆಸರು. ಈ ಅಂಕಣದ ಕಥಾನಾಯಕ ಇದೇ.

ಎಷ್ಟು ಬಿಡಬೇಕು? ಲೆಕ್ಕ ಸುಲಭ. 100 ಲೀಟರ್ ಆವಿಯಾದಾಗ ಒಳಗಿನ ಉಪ್ಪು ಮೂಲ ನೀರಿನ ಎರಡು ಪಟ್ಟಿಗೇ ನಿಲ್ಲಬೇಕೆಂದರೆ ಇನ್ನೂ 100 ಲೀಟರ್ ಹೊರಗೆ ಚೆಲ್ಲಬೇಕು. ಮೂರು ಪಟ್ಟು ತಡೆದುಕೊಳ್ಳುತ್ತೇವೆಂದರೆ 50 ಲೀಟರ್. ಐದು ಪಟ್ಟಾದರೆ 25. ಹನ್ನೊಂದು ಪಟ್ಟಾದರೆ ಬರೇ 10. ಮೊದಲ ಹೆಜ್ಜೆಯಲ್ಲಿ ಭಾರೀ ಉಳಿತಾಯ, ಆಮೇಲಾಮೇಲೆ ಚಿಲ್ಲರೆ. ಹೊರಬೀಳುವ ನೀರು ಕಡಿಮೆಯಾದಷ್ಟೂ ಅದರ ಉಪ್ಪು ಏರುತ್ತದೆ ಎನ್ನುವುದನ್ನೂ ಮರೆಯುವಂತಿಲ್ಲ. ನೀರು ಉಳಿಸಿದೆವು ಎಂದು ಬೆನ್ನು ತಟ್ಟಿಕೊಳ್ಳುವ ವರದಿಗಳಲ್ಲಿ ಉಪ್ಪಿನ ತೂಕದ ಕಾಲಂ ಇದೆಯೇ ಎಂದು ನೋಡುವುದು ಒಳ್ಳೆಯದು. ಹೊರಬೀಳುವ ನೀರು ಇಳಿದಷ್ಟು ಆ ತೂಕ ಇಳಿದಿರುವುದಿಲ್ಲ.

ಉಪ್ಪಿನ ಇನ್ನೊಂದು ಮೂಲ ಬಾಯ್ಲರು. ಅದಕ್ಕೆ ಹೋಗುವ ನೀರು ನಾವು ಕುಡಿಯುವ ‘ಫಿಲ್ಟರ್ ನೀರಿ’ಗಿಂತ ಸಾವಿರಾರು ಪಟ್ಟು ಶುದ್ಧ. ಟರ್ಬೈನಿನ ಎಲೆಗಳ ಮೇಲೆ ಚೂರು ಮರಳಿನಂಶ ಕೂತರೂ ಕೆಡುತ್ತದೆ. ನೀರಿನಿಂದ ಉಪ್ಪು ಹೀರುವ ರಾಳದ ಹರಳುಗಳು ಸೋತಾಗ ಅವನ್ನು ಆಮ್ಲ ಮತ್ತು ಕಾಸ್ಟಿಕ್ ಸೋಡಾದಲ್ಲಿ ತೊಳೆಯುತ್ತಾರೆ. ತೊಳೆದ ಎರಡು ನೀರನ್ನೂ ಬೆರೆಸಿದರೆ ಆಮ್ಲ, ಕ್ಷಾರ ಎರಡೂ ಸತ್ತು ಹುಟ್ಟುವುದು ಮತ್ತೆ ಉಪ್ಪೇ. ತೆಗೆದ ಉಪ್ಪಿಗಿಂತ ಹೊಸದಾಗಿ ಹುಟ್ಟಿದ ಉಪ್ಪೇ ಜಾಸ್ತಿ!

ಅಂದಹಾಗೆ, ಉಪ್ಪುನೀರಿನ ಗೋಜೇ ಇಲ್ಲದ ಕರೆಂಟನ್ನು ನಮ್ಮ ಕೋಲಾರ ಜಿಲ್ಲೆ ಶತಮಾನದ ಹಿಂದೆಯೇ ಉರಿಸಿತ್ತು. 1902ರ ಜೂನ್ 30ರಂದು ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಬಂದು ಕೆಜಿಎಫ್‌ನ ಗಣಿಗಳಿಗೆ ಸೇರಿತು. ಅಂದಿನ ಜಗತ್ತಿನಲ್ಲೇ ಅತ್ಯಂತ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೊಂದು. ಕಾವೇರಿ ಚಕ್ರ ತಿರುಗಿಸಿ ಹಾಗೇ ಮುಂದೆ ಹರಿದಳು. ಒಂದು ಚಿಟಿಕೆ ಉಪ್ಪೂ ಸೇರಲಿಲ್ಲ.

ಇವತ್ತಿನ ಕಥೆ ಬೇರೆ. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಿಂದ ಉರಿಯುತ್ತಿರುವ ರಾಯಚೂರು ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯ 1,720 ಮೆಗಾವ್ಯಾಟ್. ಅದರ ಪಕ್ಕದ ಯರಮರಸಿನದು 1,600. ಬಳ್ಳಾರಿಯ ಕುಡಿತಿನಿಯದು 1,700. ವಿಜಯಪುರ ಜಿಲ್ಲೆಯ ಕೂಡಗಿಯದು 2,400. ಇವೆಲ್ಲ ಸಿಹಿನೀರು ಕುಡಿಯುವ ಸ್ಥಾವರಗಳು. ಸಮುದ್ರದ ನೀರು ಕುಡಿಯುವುದು ಒಂದೇ, ಉಡುಪಿ ಜಿಲ್ಲೆಯ ಎಲ್ಲೂರು–ನಂದಿಕೂರಿನ 1,200 ಮೆಗಾವ್ಯಾಟ್ ಸ್ಥಾವರ.

ಕೈಗಾ? ಅಲ್ಲಿನ ನಾಲ್ಕು ಅಣು ಘಟಕಗಳು ಕದ್ರಾ ಜಲಾಶಯದ ನೀರನ್ನು ಎಳೆದುಕೊಂಡು, ಬಿಸಿ ಮಾಡಿ, ವಾಪಸು ಬಿಡುತ್ತವೆ. ಅಲ್ಲಿನ ತಕರಾರು ಬಿಸಿಯದು, ಉಪ್ಪಿನದಲ್ಲ.

ಸರಿ, ಈಗ ದುಡ್ಡಿನ ಮಾತು. ಉಪ್ಪುನೀರನ್ನು ಕಳಿಸುವುದಕ್ಕೆ ಲೋಕದಲ್ಲಿ ಐದಾರು ದಾರಿಗಳಷ್ಟೇ ಇವೆ. ಹೊಳೆಗೋ ಸಮುದ್ರಕ್ಕೋ ಬಿಡುವುದು, ಒಳಚರಂಡಿಗೆ ಸೇರಿಸುವುದು, ಹೊಲಕ್ಕೆ ಹಾಯಿಸುವುದು, ಭೂಮಿಯಾಳಕ್ಕೆ ಒತ್ತಿ ತುಂಬುವುದು, ಕೊಳದಲ್ಲಿ ಒಣಗಿಸುವುದು, ಕೊನೆಗೆ ಕುದಿಸಿ ಬತ್ತಿಸುವುದು. ಸಮುದ್ರದ ನೀರನ್ನು ಸಿಹಿಗೊಳಿಸುವ ಘಟಕಗಳ ಬಗ್ಗೆ ಬಂದ ಅಧ್ಯಯನಗಳಲ್ಲಿ ಇವುಗಳ ದರಪಟ್ಟಿ ಮತ್ತೆ ಮತ್ತೆ ಕಾಣಿಸುತ್ತದೆ. ಡಾಲರಿಗೆ 85 ರೂಪಾಯಿ ಹಿಡಿದು, ಸಾವಿರ ಲೀಟರಿನ ಲೆಕ್ಕಕ್ಕೆ ತಂದರೆ ಹೀಗಾಗುತ್ತದೆ: ನದಿ ಅಥವಾ ಸಮುದ್ರಕ್ಕೆ ಬಿಡಲು 4ರಿಂದ 25 ರೂಪಾಯಿ. ಒಳಚರಂಡಿಗಾದರೆ 27ರಿಂದ 56. ಪಾತಾಳದ ಕೊಳವೆಬಾವಿಗೆ 46ರಿಂದ 225. ಹೊಲಕ್ಕೆ ಹಾಯಿಸಲು 63ರಿಂದ 166. ಬಿಸಿಲಿನ ಕೊಳಕ್ಕೆ 279ರಿಂದ 853 ರೂಪಾಯಿ!

ಬಿಸಿಲು ಪುಕ್ಕಟೆ, ಆದರೆ ಬಿಸಿಲಿನ ಕೊಳ ಯಾಕಿಷ್ಟು ದುಬಾರಿ? ಜಾಗ ಪುಕ್ಕಟೆಯಲ್ಲ, ಅದಕ್ಕೆ. ಒಂದು ಸಾವಿರ ಮೆಗಾವ್ಯಾಟ್ ಸ್ಥಾವರ ಪೂರ್ತಿ ಓಡುತ್ತಿದೆ, ಯೂನಿಟ್ಟಿಗೆ ಅರ್ಧ ಲೀಟರ್ ಬ್ಲೋಡೌನ್ ಬಿಡುತ್ತಿದೆ ಎಂದುಕೊಳ್ಳಿ. ದಿನಕ್ಕೆ 1 ಕೋಟಿ 20 ಲಕ್ಷ ಲೀಟರ್ ಆಯಿತು. ಬಿದ್ದ ಮಳೆ ಕಳೆದು ವರ್ಷಕ್ಕೆ ಒಂದು ಮೀಟರ್ ಆಳದ ನೀರು ಒಣಗುತ್ತದೆ ಎಂದು ಹಿಡಿದರೆ ಇಷ್ಟನ್ನು ಒಣಗಿಸಲು ಸುಮಾರು 1,080 ಎಕರೆ ಬೇಕು. ಶ್ರೀನಿವಾಸಪುರದ ಕಡೆಯ ಹಳೇ ಮಾವಿನ ತೋಪುಗಳಲ್ಲಿ ಹತ್ತು ಮೀಟರಿಗೊಂದರಂತೆ ಎಕರೆಗೆ ಸುಮಾರು 40 ಗಿಡ ಇರುತ್ತವೆ. ಆ ಲೆಕ್ಕಕ್ಕೆ 43,000 ಮಾವಿನ ಗಿಡಗಳ ಜಾಗ. ಮೇಲಾಗಿ ನೀರು ಉಪ್ಪಾಗುತ್ತ ಹೋದಂತೆ ಆವಿಯಾಗುವುದೂ ನಿಧಾನವಾಗುತ್ತದೆ. ಕೊನೆಯ ಪಾಲು ಒಣಗುವುದು ಬಲು ಕಷ್ಟ.

ಅಷ್ಟು ಜಾಗಕ್ಕೂ ಅಡಿಯಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಹಾಳೆಯ ಬೆಸುಗೆ ಒಂದು ಕಡೆ ಬಿಟ್ಟರೆ ಉಪ್ಪು ಇಂಗುತ್ತದೆ, ಸುತ್ತಲ ಬೋರ್‌ವೆಲ್‌ಗಳ ಗತಿ ಮುಗಿಯಿತು. ಮಾವು ಉಪ್ಪು ತಡೆಯುವ ಗಿಡವಲ್ಲ. ಉಪ್ಪುನೀರು ಬಿದ್ದರೆ ಮೊದಲು ಎಲೆಯ ತುದಿ, ಆಮೇಲೆ ಅಂಚು ಸುಟ್ಟಂತೆ ಕಂದುಬಣ್ಣಕ್ಕೆ ತಿರುಗುತ್ತದೆ. ತೋಪಿನಲ್ಲಿ ಓಡಾಡುವವರಿಗೆ ಈ ಗುರುತು ಹೇಳಿಕೊಡಬೇಕಾಗಿಲ್ಲ.

ಜಗತ್ತಿನಲ್ಲಿ ಇಂಥ ಕೊಳ ಮಾಡಿದವರಿದ್ದಾರೆಯೇ? ಇದ್ದಾರೆ. ಅಮೆರಿಕದ ಅರಿಜೋನಾದ ಪಾಲೊ ವರ್ಡೆ ಅಣು ಸ್ಥಾವರ ಮರುಭೂಮಿಯ ನಡುವೆ ಇದೆ. ಹತ್ತಿರದಲ್ಲಿ ನದಿಯೂ ಇಲ್ಲ, ಸಮುದ್ರವೂ ಇಲ್ಲ. ಫೀನಿಕ್ಸ್ ನಗರದ ಕಡೆಯಿಂದ ಬರುವ ಶುದ್ಧೀಕರಿಸಿದ ಕೊಳಚೆ ನೀರೇ ಅದರ ಜೀವಾಳ. ಆ ನೀರಿಗೆ ಸುಣ್ಣ ಹಾಕಿ ಗಡಸುತನ ತೆಗೆದು, ಟವರಿನಲ್ಲಿ ಇಪ್ಪತ್ತು ಪಟ್ಟಿಗೂ ಮೇಲೆ ಉಪ್ಪೇರುವವರೆಗೆ ತಿರುಗಿಸಿ, ಉಳಿದದ್ದನ್ನು 650 ಎಕರೆ ಆಸುಪಾಸಿನ ಕೊಳಗಳಲ್ಲಿ ಒಣಗಲು ಬಿಡುತ್ತಾರೆ. ಮರುಭೂಮಿಯಾದ್ದರಿಂದ ಜಾಗವೂ ಅಗ್ಗ, ಮಳೆಯೂ ಕಡಿಮೆ. ಎರಡೂ ಇಲ್ಲದ ಕಡೆ ಅದೇ ನಕ್ಷೆ ಹಿಡಿದುಕೊಂಡು ಹೋದರೆ ಕೆಲಸಕ್ಕೆ ಬರುವುದಿಲ್ಲ.

ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರೆಂದರೆ ಕೋಲಾರದವರ ಕಿವಿ ನೆಟ್ಟಗಾಗುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರ್ ನೀರಿನಿಂದ 126 ಕೆರೆ ತುಂಬಿಸುವ ಯೋಜನೆ ಅದು. ಹೈಕೋರ್ಟು, ಸುಪ್ರೀಂ ಕೋರ್ಟು ಎರಡೂ ಕಡೆ ತಡೆ ಬಿದ್ದು, ತೆರವಾಗಿ, ನೀರು ಹರಿಯಿತು. ‘ಮೂರನೇ ಹಂತದ ಶುದ್ಧೀಕರಣ ಮಾಡಿ’ ಎಂಬ ಕೂಗು ಇಂದಿಗೂ ನಿಂತಿಲ್ಲ. ಎರಡನೇ ಹಂತದ ಶುದ್ಧೀಕರಣ ಕೊಳೆಯನ್ನು ತೆಗೆಯುತ್ತದೆಯೇ ಹೊರತು ಕರಗಿದ ಉಪ್ಪನ್ನಲ್ಲ. ಬೆಂಗಳೂರಿನ ಸೋಪು, ಅಡುಗೆ ಉಪ್ಪು, ನೀರು ಮೆದು ಮಾಡುವ ಯಂತ್ರಗಳ ಉಪ್ಪು ಎಲ್ಲ ಅದರಲ್ಲೇ ಬರುತ್ತದೆ. ಕೆರೆಯಿಂದ ಆವಿಯಾಗುವುದು ನೀರಷ್ಟೇ. ಹಾಗಂತ ಯೋಜನೆಯೇ ಬೇಡ ಎನ್ನುವುದು ಸುಲಭದ ಮಾತು. ಒಣಗಿ ಬಿರುಕು ಬಿಟ್ಟ ಕೆರೆಯಂಗಳ ನೋಡಿದವರು ಅದನ್ನು ಅಷ್ಟು ಸಲೀಸಾಗಿ ಹೇಳುವುದಿಲ್ಲ.

2016ರ ಜನವರಿಯ ರಾಷ್ಟ್ರೀಯ ವಿದ್ಯುತ್ ದರ ನೀತಿಯಲ್ಲಿ ಒಂದು ಸಾಲಿದೆ. ಕೊಳಚೆ ನೀರು ಶುದ್ಧೀಕರಣ ಘಟಕದ 50 ಕಿಲೋಮೀಟರ್ ಒಳಗಿರುವ ಶಾಖೋತ್ಪನ್ನ ಸ್ಥಾವರಗಳು ಆ ನೀರನ್ನೇ ಬಳಸಬೇಕು, ಖರ್ಚನ್ನು ವಿದ್ಯುತ್ ದರಕ್ಕೆ ಸೇರಿಸಿಕೊಳ್ಳಬಹುದು. ಕೊಳಚೆ ನೀರು ನದಿ ನೀರಿಗಿಂತ ಉಪ್ಪು, ಆದ್ದರಿಂದ ಟವರಿನಿಂದ ಹೊರಬೀಳುವ ಪ್ರಮಾಣವೂ ಹೆಚ್ಚು. ನದಿ ಉಳಿಯುತ್ತದೆ, ಬ್ಲೋಡೌನ್ ಬೆಳೆಯುತ್ತದೆ. ಬೆಂಗಳೂರಿನ ಯಲಹಂಕದಲ್ಲಿ 2024ರಲ್ಲಿ ಉದ್ಘಾಟನೆಯಾದ 370 ಮೆಗಾವ್ಯಾಟ್ ಅನಿಲ ವಿದ್ಯುತ್ ಸ್ಥಾವರವನ್ನೂ ಶುದ್ಧೀಕರಿಸಿದ ನೀರು ಬಳಸುವಂತೆಯೇ ರೂಪಿಸಿದ್ದಾರೆ.

ಭೂಮಿಗೆ ಒತ್ತಿ ತುಂಬುವ ದಾರಿ ಕೋಲಾರದಲ್ಲಿ ನಡೆಯುತ್ತದೆಯೇ? ಖಂಡಿತ ಇಲ್ಲ. ಅದಕ್ಕೆ ಕಿಲೋಮೀಟರ್ ಆಳದಲ್ಲಿ ಸ್ಪಂಜಿನ ಗುಣದ ಮರಳುಗಲ್ಲಿನ ಪದರ ಬೇಕು, ಅದರ ಮೇಲೆ ನೀರು ಮೇಲೇರದಂತೆ ತಡೆಯುವ ಗಟ್ಟಿ ಜೇಡಿಯ ಮುಚ್ಚಳ ಬೇಕು. ಅಮೆರಿಕದ ಟೆಕ್ಸಾಸಿನಂಥ ಕಡೆ ಅದಿದೆ. ನಮ್ಮ ಕಾಲಡಿ ಇರುವುದು ಕರಿಕಲ್ಲು, ಕಲ್ಲಿನ ಸೀಳುಗಳು. ಸಾವಿರ, ಸಾವಿರದೈನೂರು ಅಡಿ ಕೊರೆಸಿ ನಾವು ನೀರು ಹುಡುಕುವುದೂ ಅದೇ ಸೀಳುಗಳಲ್ಲಿ. ಇಲ್ಲಿ ಒತ್ತಿದ ಉಪ್ಪು ಪಕ್ಕದ ಹೊಲದ ಮೋಟರಿನಲ್ಲಿ ಎದ್ದು ಬರುತ್ತದೆ.

ಹೊಲಕ್ಕೆ ಹಾಯಿಸುವುದಕ್ಕೂ ಒಂದು ಕಟ್ಟುಪಾಡಿದೆ. ತ್ಯಾಜ್ಯ ನೀರನ್ನು ನೀರಾವರಿಗೆ ಬಿಡಬೇಕಾದರೆ ಕರಗಿದ ಲವಣ ಲೀಟರಿಗೆ 2,100 ಮಿಲಿಗ್ರಾಂ ದಾಟಬಾರದು ಎಂದು ಮಾಲಿನ್ಯ ನಿಯಂತ್ರಣದ ಮಾನದಂಡಗಳು ಹೇಳುತ್ತವೆ. ಮಿತಿಯೊಳಗಿದ್ದರೂ ಮಳೆ ಕಡಿಮೆ ಬೀಳುವ ಕಡೆ ಉಪ್ಪನ್ನು ಕೆಳಗೆ ತೊಳೆಯುವವರಾರು? ವರ್ಷ ವರ್ಷವೂ ಕೂತು ಮಣ್ಣು ಚೌಳಾಗುತ್ತದೆ.

ಇನ್ನು ಕುದಿಸಿ ಬತ್ತಿಸುವುದು. ಸಾವಿರ ಲೀಟರ್ ನೀರನ್ನು ಆವಿ ಮಾಡಲು, ಕಾಯಿಸುವುದನ್ನು ಬಿಟ್ಟು, ಬರೀ ಆವಿಯಾಗಿಸಲು ಬೇಕಾದ ಶಾಖ ಸುಮಾರು 627 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 3,762 ರೂಪಾಯಿ. ಯಾವ ಸ್ಥಾವರಕ್ಕೂ ಎಟುಕದ ಮೊತ್ತ ಅದು. ಆದರೆ ಇಲ್ಲೊಂದು ಜಾಣತನವಿದೆ. ಎದ್ದ ಆವಿಯನ್ನು ಕಂಪ್ರೆಸರಿನಲ್ಲಿ ಒತ್ತಿ ಇನ್ನಷ್ಟು ಬಿಸಿ ಮಾಡಿ, ಅದೇ ಬಿಸಿಯಲ್ಲಿ ಮುಂದಿನ ನೀರನ್ನು ಕುದಿಸುತ್ತಾರೆ. ಆವಿ ತಣಿದು ಶುದ್ಧ ನೀರಾಗಿ ಇಳಿಯುತ್ತದೆ, ಅದರ ಶಾಖ ವಾಪಸು ಕೈಗೆ ಬರುತ್ತದೆ. ಹೀಗೆ ಮಾಡಿದರೆ 627 ಯೂನಿಟ್ಟಿನ ಕೆಲಸ 20–25 ಯೂನಿಟ್ಟಿಗೆ ಮುಗಿಯುತ್ತದೆ! ಅಂದರೆ ಸಾವಿರ ಲೀಟರಿಗೆ ಹೆಚ್ಚೆಂದರೆ 150 ರೂಪಾಯಿ ಕರೆಂಟು.

ಅಷ್ಟಾದರೂ ಕೊನೆಗೆ ಗಂಜಿಯಂಥ ಉಪ್ಪುನೀರು ಉಳಿದೇ ಉಳಿಯುತ್ತದೆ. ಅದನ್ನು ಹರಳುಗಟ್ಟಿಸುವ ಯಂತ್ರಕ್ಕೆ ಸಾವಿರ ಲೀಟರಿಗೆ 50–65 ಯೂನಿಟ್ ಬೇಕು. 60 ಎಂದರೆ 360 ರೂಪಾಯಿ, ಬರೀ ಕರೆಂಟಿಗೆ. ಜೊತೆಗೆ ಉಪ್ಪು ತಿನ್ನದ ಟೈಟೇನಿಯಂ, ದುಬಾರಿ ಉಕ್ಕು, ರಿಪೇರಿ, ಸಾಲದ ಬಡ್ಡಿ. ಈ 360 ಎಷ್ಟು ದೊಡ್ಡದೆಂದು ಅಳೆಯಲು ಇನ್ನೊಂದು ಅಂಕಿ ಪಕ್ಕಕ್ಕಿಡಿ: 2024ರ ಮಾರ್ಚ್‌ನ ಬರಗಾಲದಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ನಿಗದಿ ಮಾಡಿದ ದರ, ಐದು ಕಿಲೋಮೀಟರ್ ಒಳಗೆ, 6,000 ಲೀಟರಿಗೆ 600 ರೂಪಾಯಿ. ಸಾವಿರ ಲೀಟರಿಗೆ ನೂರು. ಬರಗಾಲದಲ್ಲಿ ಒಳ್ಳೇ ನೀರು ತರಿಸುವುದಕ್ಕಿಂತ ಕೆಟ್ಟ ನೀರು ಕಳಿಸುವುದು ಮೂರೂವರೆ ಪಟ್ಟು ತುಟ್ಟಿ.

ಹಾಗಾದರೆ ಬುದ್ಧಿವಂತ ಎಂಜಿನಿಯರು ಏನು ಮಾಡುತ್ತಾನೆ? ಮೊದಲು ಹಿಂಡುತ್ತಾನೆ, ಕೊನೆಗೆ ಕುದಿಸುತ್ತಾನೆ. ಉಪ್ಪು ಕಡಿಮೆಯಿರುವ ನೀರನ್ನು ಆರ್‌ಒ ಪೊರೆಯಲ್ಲಿ ಹಾಯಿಸಲು ಸಾವಿರ ಲೀಟರಿಗೆ ಒಂದರಿಂದ ಮೂರು ಯೂನಿಟ್ ಸಾಕು. ಐದರಲ್ಲಿ ನಾಲ್ಕು ಪಾಲು ನೀರನ್ನು ಅಲ್ಲೇ ಗೆದ್ದುಕೊಂಡರೆ ಕುದಿಸುವುದಕ್ಕೆ ಉಳಿಯುವುದು ಒಂದೇ ಪಾಲು. ಅದೇ 1,080 ಎಕರೆ ಕೊಳವೂ 216 ಎಕರೆಗೆ ಇಳಿಯುತ್ತದೆ. 

ಈ ಖರ್ಚು ಬಳಕೆದಾರರ ಮಟ್ಟಕ್ಕೆ ಇಳಿದರೆ ಎಷ್ಟಾಗುತ್ತದೆ ಎಂದು ಕಾಗದದ ಮೇಲೆ ಹಾಕಿ ನೋಡೋಣ. ಯೂನಿಟ್ಟಿಗೆ ಅರ್ಧ ಲೀಟರ್ ಉಪ್ಪುನೀರು. ಸಮುದ್ರಕ್ಕೆ ಬಿಡಲು ಸಾವಿರ ಲೀಟರಿಗೆ 10 ರೂಪಾಯಿ ಹಿಡಿದರೆ, ಯೂನಿಟ್ಟಿನ ಮೇಲೆ ಬೀಳುವುದು ಅರ್ಧ ಪೈಸೆ. ಅಷ್ಟನ್ನೂ ಕುದಿಸಿಯೇ ತೀರುತ್ತೇವೆಂದು ಯಂತ್ರ, ಬಡ್ಡಿ ಎಲ್ಲ ಸೇರಿ 500 ರೂಪಾಯಿ ಹಿಡಿದರೆ 25 ಪೈಸೆ. ಆರ್‌ಒಗೆ 50 ರೂಪಾಯಿ ಹಿಡಿದು ಮೊದಲು ಹಿಂಡಿ, ಉಳಿದ ಪಾಲನ್ನಷ್ಟೇ ಕುದಿಸಿದರೆ ಏಳೂವರೆ ಪೈಸೆ. ದಶಕಗಟ್ಟಲೆ ನಡೆಯುವ ಮೊಕದ್ದಮೆ, ಹೋರಾಟ, ಸಮಿತಿ, ವರದಿಗಳೆಲ್ಲ ನಿಂತಿರುವುದು ಅರ್ಧ ಪೈಸೆಗೂ ಏಳೂವರೆ ಪೈಸೆಗೂ ನಡುವಿನ ಈ ಏಳು ಪೈಸೆಯ ಮೇಲೆ! ಇಷ್ಟು ಚಿಕ್ಕದಾದರೆ ಕೊಟ್ಟು ಮುಗಿಸಬಾರದೇ ಎನ್ನಿಸುತ್ತದೆ. ಆದರೆ ಸಾವಿರ ಮೆಗಾವ್ಯಾಟ್ ಸ್ಥಾವರ ಪೂರ್ತಿ ಓಡಿದರೆ ದಿನಕ್ಕೆ 2 ಕೋಟಿ 40 ಲಕ್ಷ ಯೂನಿಟ್. ಏಳು ಪೈಸೆ ಎಂದರೆ ದಿನಕ್ಕೆ 16 ಲಕ್ಷ 80 ಸಾವಿರ ರೂಪಾಯಿ. ಕಂಪನಿಯ ಲೆಕ್ಕಿಗರು ಪೈಸೆ ನೋಡುವುದಿಲ್ಲ, ಈ ಲಕ್ಷ ನೋಡುತ್ತಾರೆ.

ಸಮುದ್ರದ ನೀರು ಬಳಸುವ ಸ್ಥಾವರಗಳಿಗೆ 2018ರ ತಿದ್ದುಪಡಿಯಲ್ಲಿ ನೀರಿನ ಮಿತಿಯಿಂದಲೂ ‘ಹನಿ ನೀರೂ ಹೊರಗೆ ಬಿಡಬಾರದು’ ಎಂಬ ನಿಯಮದಿಂದಲೂ ವಿನಾಯಿತಿ ಸಿಕ್ಕಿತು. ಅದಕ್ಕೆ ಕಾರಣವೂ ಇದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಆಗಲೇ ಇರುವುದರಿಂದ ಟವರಿನಲ್ಲಿ ಅದನ್ನು 1.3 ಪಟ್ಟಿನ ಆಸುಪಾಸಿಗಿಂತ ಏರಿಸುವುದು ಕಷ್ಟ. ಅಂದರೆ 100 ಲೀಟರ್ ಆವಿಯಾದರೆ 330 ಲೀಟರ್ ವಾಪಸು ಬಿಡಬೇಕು. ಅಷ್ಟನ್ನು ಕುದಿಸಲು ಹೊರಟರೆ ಹುಟ್ಟಿದ ಕರೆಂಟಿನ ಒಂದಷ್ಟು ಅಲ್ಲೇ ಮುಗಿಯುತ್ತದೆ.

ಎಲ್ಲೂರು–ನಂದಿಕೂರಿನಲ್ಲಿ ಸಮುದ್ರ ಸ್ಥಾವರದ ಗೋಡೆಯ ಪಕ್ಕದಲ್ಲಿಲ್ಲ. ಉಪ್ಪುನೀರು ಊರುಗಳ ನಡುವೆ ಕೊಳವೆಯಲ್ಲಿ ಬಂದು ಹೋಗಬೇಕು. ಬಾವಿಯ ನೀರು ಉಪ್ಪಾಯಿತು, ಮಲ್ಲಿಗೆ ಗಿಡ ಕೆಟ್ಟಿತು ಎಂದು ಸ್ಥಳೀಯರು ವರ್ಷಗಟ್ಟಲೆ ದೂರಿದರು. ಉಡುಪಿ ಮಲ್ಲಿಗೆ ಭೌಗೋಳಿಕ ಗುರುತು ಪಡೆದ ಬೆಳೆ, ಮನೆಯಂಗಳದ ಹತ್ತಾರು ಗಿಡಗಳಲ್ಲೇ ಸಂಸಾರ ನಡೆಯುತ್ತದೆ. ನಂದಿಕೂರು ಜನಜಾಗೃತಿ ಸಮಿತಿ ಕೋರ್ಟು ಹತ್ತಿತು. ಸ್ಥಾವರದಿಂದಾದ ಪರಿಸರ ಹಾನಿಯ ಆ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಮಧ್ಯಂತರವಾಗಿ 5 ಕೋಟಿ ರೂಪಾಯಿ ಠೇವಣಿ ಇಡಲು ಹೇಳಿತು. 2022ರ ಆದೇಶದಲ್ಲಿ ಪರಿಹಾರದ ಮೊತ್ತ ಸುಮಾರು 52 ಕೋಟಿಗೆ ಏರಿತು. ಸಾವಿರ ಲೀಟರಿಗೆ ನಾಲ್ಕು ರೂಪಾಯಿ ಎಂಬ ದರಪಟ್ಟಿಯ ಕೆಳಗೆ ಇಂಥ ಬಾಬತ್ತಿಗೆ ಸಾಲೇ ಇರುವುದಿಲ್ಲ.

ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯಲ್ಲಿ ಉಪ್ಪುನೀರು ಒಣಗಿಸುವುದೇ ದುಡಿಮೆ. ಅಲ್ಲಿನ ಗದ್ದೆಗಳ ಉಪ್ಪಿಗೆ ಗಿರಾಕಿಗಳಿದ್ದಾರೆ. ಸ್ಥಾವರದ ಉಪ್ಪಿಗೇಕಿಲ್ಲ? ಸಮುದ್ರದ ಉಪ್ಪಿನಲ್ಲಿ ಮುಕ್ಕಾಲು ಪಾಲು ಅಡುಗೆ ಉಪ್ಪೇ. ಒಣಗುವಾಗ ಮೊದಲು ಸುಣ್ಣದಂಶ, ಆಮೇಲೆ ಜಿಪ್ಸಂ, ನಂತರ ಅಡುಗೆ ಉಪ್ಪು ಸರದಿಯಲ್ಲಿ ಕೂರುತ್ತವೆ. ಕೊನೆಯ ಕಹಿನೀರನ್ನು ಬಸಿದುಬಿಟ್ಟರೆ ಸರಕು ತಯಾರು. ಸ್ಥಾವರದ ಉಪ್ಪು ಹಾಗಲ್ಲ. ಸಲ್ಫೇಟು, ಸುಣ್ಣ, ಮರಳಿನಂಶ, ಪೊರೆ ಕಟ್ಟದಿರಲು ಹಾಕಿದ ರಾಸಾಯನಿಕ, ಪಾಚಿ ಕೊಲ್ಲಲು ಹಾಕಿದ ಔಷಧಿ, ಎಲ್ಲದರ ಕಲಸುಮೇಲೋಗರ. ಬಾಯಿಗೂ ಬಾರದು, ಕಾರ್ಖಾನೆಗೂ ಬೇಡ. ಸಾವಿರ ಲೀಟರಿಗೆ ಒಂದೂವರೆ ಕಿಲೋ ಎಂದು ಹಿಡಿದರೂ ನಮ್ಮ ಲೆಕ್ಕದ ಸ್ಥಾವರದಲ್ಲಿ ದಿನಕ್ಕೆ 18 ಟನ್ ಬೀಳುತ್ತದೆ. ಮಳೆ ತಾಗಿದರೆ ಮತ್ತೆ ಕರಗುತ್ತದೆ, ಹಾಗಾಗಿ ಸೂರಿನಡಿ ಮೂಟೆ ಕಟ್ಟಿಡಬೇಕು.

ಇದರ ಪಾಠಶಾಲೆ ಪಕ್ಕದ ರಾಜ್ಯದ ತಿರುಪ್ಪೂರು. ಬಟ್ಟೆಗೆ ಬಣ್ಣ ಹಾಕುವ ಘಟಕಗಳ ಉಪ್ಪುನೀರು ನೊಯ್ಯಲ್ ನದಿಗೆ ಸೇರಿ, 1992ರಲ್ಲಿ ರೈತರಿಗಾಗಿ ಕಟ್ಟಿದ ಒರತುಪಾಳೆಯಂ ಅಣೆಕಟ್ಟೆಯಲ್ಲಿ ತುಂಬಿಕೊಂಡಿತು. ಕೊನೆಗೆ ‘ನೀರು ಬಿಡಬೇಡಿ’ ಎಂದು ರೈತರೇ ಕೈಮುಗಿಯುವಂತಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಏಳುನೂರಕ್ಕೂ ಹೆಚ್ಚು ಘಟಕಗಳಿಗೆ ಬೀಗ ಹಾಕಿಸಿತು. ಆಮೇಲೆ ಅವರು ಕಂಡುಕೊಂಡ ಉಪಾಯ ಚೆನ್ನಾಗಿದೆ. ಉಪ್ಪನ್ನು ಪೂರ್ತಿ ಒಣಗಿಸುವ ಬದಲು ಗಟ್ಟಿ ಉಪ್ಪುನೀರಾಗಿಯೇ ಹಿಂದಕ್ಕೆ ತಂದು ಬಣ್ಣದ ತೊಟ್ಟಿಗೆ ಮತ್ತೆ ಬಳಸುವುದು. ಬಣ್ಣದವರಿಗೆ ಉಪ್ಪು ಬೇಕೇ ಬೇಕು. ಕರೆಂಟಿನವರಿಗೆ ಅದು ಯಾತಕ್ಕೂ ಬೇಡ, ಅವರ ಗೋಳು ಅಲ್ಲಿರುವುದು.

ಕಲ್ಲಿದ್ದಲ ಹೊಗೆಯ ಗಂಧಕ ತೊಳೆಯುವ ಯಂತ್ರ ಕೂರಿಸಿದರೆ ಎಲ್ಲಕ್ಕಿಂತ ಕೆಟ್ಟ ಉಪ್ಪುನೀರು ಅಲ್ಲಿಂದ ಬರುತ್ತದೆ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ದೇಶದ ಬಹುತೇಕ ಸ್ಥಾವರಗಳಿಗೆ ಆ ಯಂತ್ರದಿಂದ ವಿನಾಯಿತಿ ಕೊಟ್ಟಿತು. ಆ ಉಪ್ಪುನೀರು ತಪ್ಪಿತು. ಗಂಧಕ ಚಿಮಣಿಯಲ್ಲಿ ಮೇಲೆ ಹೋಗುತ್ತದೆ.

ಸೋಲಾರಿಗೆ ಈ ತಾಪತ್ರಯ ಇಲ್ಲವೇ? ಇಲ್ಲವೆಂದೇ ಹೇಳಬೇಕು, ಹೆಚ್ಚುಕಡಿಮೆ. ಪಾವಗಡದ 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಪಾರ್ಕಿಗೆ ಕೂಲಿಂಗ್ ಟವರ್ ಬೇಡ. ಫಲಕದ ಧೂಳು ತೊಳೆಯಲು ಮಾತ್ರ ನೀರು ಬೇಕು. ಗಡಸು ನೀರಿನಲ್ಲಿ ತೊಳೆದರೆ ಗಾಜಿನ ಮೇಲೆ ಬಿಳಿ ಕಲೆ ಕೂತು ಬಿಸಿಲಿಗೇ ಅಡ್ಡ ಬರುತ್ತದೆ, ಹಾಗಾಗಿ ಅಂಥ ಕಡೆ ಆರ್‌ಒ ನೀರು ಬಳಸಬೇಕಾಗುತ್ತದೆ. ಆರ್‌ಒ ಬಂದಲ್ಲಿ ಅದರ ಹಿಂಬದಿಯ ಪೈಪೂ ಬಂತು.

ಆ ಪೈಪು ನೋಡಲು ಪಾವಗಡಕ್ಕೇನೂ ಹೋಗಬೇಕಾಗಿಲ್ಲ. ಕೋಲಾರ ಜಿಲ್ಲೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಕಾಟ ಇರುವುದರಿಂದ ನಮ್ಮ ಕಡೆ ಹಳ್ಳಿ ಹಳ್ಳಿಗೂ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ. ಮುಂದುಗಡೆ ನಲ್ಲಿ, ನಾಣ್ಯದ ಕಿಂಡಿ, ಸಾಲಾಗಿ ಇಟ್ಟ 20 ಲೀಟರ್ ಕ್ಯಾನುಗಳು, ಸೈಕಲ್ಲು, ಸ್ಕೂಟರು. ಹಿಂದುಗಡೆ ಹೋದರೆ ಗೋಡೆಯಿಂದ ಹೊರಚಾಚಿದ ಒಂದು ಪಿವಿಸಿ ಪೈಪು, ಅದರಿಂದ ಬೀಳುವ ನೀರು, ನೀರು ಹರಿದ ಚರಂಡಿಯ ಅಂಚಿಗೆ ಬಿಳೀ ಪೊರೆ. ಕುಡಿಯುವ ನೀರಿನ ಮಾನದಂಡದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ. ಎರಡು ಮಿಲಿಗ್ರಾಂ ಇರುವ ನೀರು ಒಳಗೆ ಹೋಗಿ ಅರ್ಧ ಶುದ್ಧವಾಗಿ ಬಂದರೆ ಹಿಂದಿನ ಪೈಪಿನ ಅರ್ಧದಲ್ಲಿ ಅದು ಸುಮಾರು ನಾಲ್ಕಾಗಿರುತ್ತದೆ. ಅದನ್ನು ಇಂಗುಗುಂಡಿಗೆ ಬಿಡುವುದೆಂದರೆ ನಾಳೆ ಅದೇ ಬೋರ್‌ವೆಲ್‌ನಿಂದ ಮತ್ತೆ ಎತ್ತುವುದು. ದನಕ್ಕೆ ಕುಡಿಸುವುದಂತೂ ಬೇಡವೇ ಬೇಡ, ಫ್ಲೋರೈಡ್ ದನದ ಹಲ್ಲು ಮೂಳೆಯನ್ನೂ ಬಿಡುವುದಿಲ್ಲ. ಶೌಚಾಲಯಕ್ಕೆ ಸುರಿಯಲು, ನೆಲ ತೊಳೆಯಲು ಆಗುತ್ತದೆ. ಕಾಂಕ್ರೀಟ್ ಕಲಸಲು ಬೇಕೆನ್ನುವವರು ಮೊದಲು ಕ್ಲೋರೈಡ್ ಪರೀಕ್ಷೆ ಮಾಡಿಸಲಿ, ಹೆಚ್ಚಿದ್ದರೆ ಕಂಬಿ ತುಕ್ಕು ಹಿಡಿಯುತ್ತದೆ.

ಕರಗಿದ ಲವಣ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆ ಇರುವ ಕಡೆ ಆರ್‌ಒ ಯಂತ್ರವನ್ನೇ ನಿಷೇಧಿಸಿ ಎಂದು ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ್ದು ಈ ಹಿಂಬದಿಯ ನೀರು ಪೋಲಾಗುವುದನ್ನು ನೋಡಿಯೇ. ಪೆನ್ನಿನಂಥ ಟಿಡಿಎಸ್ ಮೀಟರು ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಮ್ಮೆ ಮುಂದಿನ ನಲ್ಲಿಗೆ, ಒಮ್ಮೆ ಹಿಂದಿನ ಪೈಪಿಗೆ ಅದ್ದಿ ನೋಡಿದರೆ ಸಾಕು. ಫ್ಲೋರೈಡ್ ಮಾತ್ರ ಆ ಮೀಟರಿಗೆ ಕಾಣುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಬೇಕು.

ಕೊನೆಯದಾಗಿ ಒಂದು ಲೆಕ್ಕ. ಎಷ್ಟೋ ಘಟಕಗಳಲ್ಲಿ 5 ರೂಪಾಯಿ ನಾಣ್ಯಕ್ಕೆ 20 ಲೀಟರ್ ನೀರು ಬರುತ್ತದೆ. ಕ್ಯಾನಿಗೆ 20 ಲೀಟರಿನಂತೆಯೇ ಹಿಂದೆಯೂ ಹೋಗುತ್ತದೆ ಎಂದುಕೊಳ್ಳಿ. ದಿನಕ್ಕೆ 300 ಕ್ಯಾನು ತುಂಬುವ ಊರಿನಲ್ಲಿ ವರ್ಷಕ್ಕೆ 21 ಲಕ್ಷ 90 ಸಾವಿರ ಲೀಟರ್ ಉಪ್ಪುನೀರು. ಅದನ್ನು ಮೇಲೆ ಹೇಳಿದ ಬಿಸಿಲಿನ ಕೊಳದ ಅತಿ ಅಗ್ಗದ ದರದಲ್ಲಿ, ಸಾವಿರ ಲೀಟರಿಗೆ 279 ರೂಪಾಯಿಯಂತೆ ಒಣಗಿಸಿದರೂ ವರ್ಷಕ್ಕೆ 6 ಲಕ್ಷ 11 ಸಾವಿರ. ಕ್ಯಾನೊಂದಕ್ಕೆ 5 ರೂಪಾಯಿ 58 ಪೈಸೆ ಬೀಳುತ್ತದೆ. ಕುಡಿಯುವ ನೀರಿನ ಬೆಲೆಗಿಂತ 58 ಪೈಸೆ ಜಾಸ್ತಿ.